ಎಡಗಡೆಯ ಚಕ್ರ

ಹಿಲಾರಿಯೋನ್ ಹನ್ನೊಂದು ವರ್ಷದಿಂದ ವಿಲಾಕೋಟದ ಲಾರಿ ಓಡಿಸುತ್ತಿದ್ದ. ನಲವತ್ತು ಮನೆಯ ಊರಿಗೆ ಇದ್ದದ್ದು ಅದೊಂದೇ ಲಾರಿ. ಸಂತೆಗೂ ಅದೇ, ಆಸ್ಪತ್ರೆಗೂ ಅದೇ, ಹೆಣ ಸಾಗಿಸುವುದಕ್ಕೂ ಅದೇ. ಅಷ್ಟು ವರ್ಷದಲ್ಲಿ ಅವನತ್ತ ಯಾರೂ ಬೆರಳು ತೋರಿಸಿರಲಿಲ್ಲ. ಆ ಬೆಟ್ಟನಾಡಿನಲ್ಲಿ ಚಳಿಗಾಲವಾದ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಅವನ ತಮ್ಮ ಮೆಲ್ಕಿಯಾದೆಸನ ಹೆಂಡತಿ ಬೆನಿತಾ ಹೆರಿಗೆಗೆ ಆಸ್ಪತ್ರೆಗೆ ಹೊರಟವಳು ಹೇಸರಗತ್ತೆ ಹಳ್ಳದಲ್ಲಿ, ಲಾರಿಯ ಹಿಂಬದಿಯ ಹಾಸಿಗೆಯ ಮೇಲೆ, ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ಸತ್ತಳು. ಆಮೇಲೆ ಬೆರಳು ತೋರಿಸದವರು ಯಾರೂ ಉಳಿಯಲಿಲ್ಲ.

ಅದು ಹಳೇ ಕಾಲದ ಲಾರಿ. ನಾಲ್ಕೂ ಚಕ್ರಕ್ಕೆ ಬಲ ಬರಬೇಕಾದರೆ ಒಳಗೆ ಕೂತು ಲಿವರ್ ಎಳೆದರೆ ಸಾಲದು; ಚಾಲಕ ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ಗುಂಬದಲ್ಲಿ ಒಂದೊಂದರಂತೆ ಇರುವ ಬಿಲ್ಲೆಗಳನ್ನು ಕೈಯಾರೆ ತಿರುಗಿಸಬೇಕು. ಒಂದು ಕಡೆ ಬಿಟ್ಟರೂ ಮುಂದಿನ ಎರಡೂ ಚಕ್ರ ದಂಡ. ಅವತ್ತು ಹಿಮ ಕರಗಿ ಹಳ್ಳವೆಲ್ಲ ಕೆಸರಾಗಿತ್ತು. ಹಿಲಾರಿಯೋನ್ ಇಳಿದ, ಹತ್ತಿದ, ಲಿವರ್ ಎಳೆದ. ಮುಂದಿನ ಚಕ್ರ ಮಿಸುಕಲಿಲ್ಲ. ಹಿಂದಿನವು ಕೆಸರು ಕಡೆದು ಕಡೆದು ಹೂತುಹೋದವು. ಪಕ್ಕದೂರಿನ ಟ್ರ್ಯಾಕ್ಟರ್ ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು.

ಚಳಿಗೆ ಹೆದರಿ ಒಂದೇ ಕಡೆಯ ಬಿಲ್ಲೆ ತಿರುಗಿಸಿ ಹತ್ತಿಕೊಂಡ ಎಂದು ಊರು ಮಾತಾಡಿತು. ಊರಿನ ಮಾತು ಹಾಳಾಗಲಿ, ಅವನಿಗೇ ಖಾತ್ರಿ ಇರಲಿಲ್ಲ. ಬಲಗಡೆಯದನ್ನು ತಿರುಗಿಸಿದ್ದು ನೆನಪಿತ್ತು. ಎಡಗಡೆಗೆ ಬರುವಾಗ ಬೆನಿತಾ ಚೀರಿದ್ದಳು. ಲಾರಿ ಹೂತ ಮೇಲೆ ಕೆಸರಲ್ಲಿ ಕೈಯಾಡಿಸಿ ನೋಡಿದಾಗ ಎಡಗಡೆಯ ಬಿಲ್ಲೆ ತಿರುಗಿಯೇ ಇತ್ತು. ಆದರೆ ಅದು ಮೊದಲೇ ತಿರುಗಿಸಿದ್ದೋ, ಆಗ ಕೈ ತಾಗಿ ತಿರುಗಿದ್ದೋ, ಮರಗಟ್ಟಿದ ಬೆರಳಿಗೆ ತಿಳಿಯಲಿಲ್ಲ. ಮೂರು ವಾರದಿಂದ ಅನ್ನ ನೀರಿನ ಹೊತ್ತಿನಲ್ಲೂ ಅವನು ಮನಸ್ಸಿನಲ್ಲಿ ಅದೇ ಬಿಲ್ಲೆಯನ್ನು ತಿರುಗಿಸುತ್ತಿದ್ದ.

ಭಾನುವಾರ ಊರ ಸಭೆ. ತಪ್ಪು ಲಾರಿಯದಾದರೆ ಅವನು ಉಳಿದ. ಅವನದಾದರೆ ಬೀಗದ ಕೈ ಕೊಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕು. ಅದಕ್ಕೇ ಲಾರಿಯನ್ನು ಚಾಯಪಾತಾ ಪೇಟೆಯ ಲಾರಿ ರಿಪೇರಿ ಮೇಸ್ತ್ರಿ ಕ್ಲೋತಿಲ್ದೆಗೆ ತೋರಿಸಲು ಕಳಿಸಿದ್ದರು. ಸಾಕ್ಷಿಗೆ ಜೊತೆಯಲ್ಲಿ ಬಂದವನು ಮೆಲ್ಕಿಯಾದೆಸನೇ. ಮುಂಜಾನೆ ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಲಾರಿ ಹಳ್ಳವನ್ನು ಸಲೀಸಾಗಿ ದಾಟಿತು.

ಕ್ಲೋತಿಲ್ದೆ ಲಂಗದ ಮೇಲೆ ಗಂಡಸರ ಕೋಟು ತೊಟ್ಟ, ದವಡೆಯಲ್ಲಿ ಕೋಕಾ ಎಲೆ ಅಮುಕಿಕೊಂಡ ಹೆಂಗಸು. ಲಾರಿ ನೋಡಿ ನಕ್ಕಳು.

"ಇದನ್ನ ಇನ್ನೂ ಹೂತಿಲ್ವೇನಪ್ಪ?"

ಅವಳಿಗೆ ಏನೂ ಗೊತ್ತಿರಲಿಲ್ಲ. ಅಣ್ಣತಮ್ಮ ಇಬ್ಬರೂ ನೆಲ ನೋಡಿದರು.

"ಫೋರ್ ವೀಲ್ ಹಿಡೀತಿಲ್ಲ, ಮೇಸ್ತ್ರಿ," ಎಂದ ಹಿಲಾರಿಯೋನ್.

"ಹಿಡೀದೆ ಎಲ್ ಹೋಗತ್ತೆ. ಎತ್ತು ಮುಂದಿಂದು." ಮೆಲ್ಕಿಯಾದೆಸನತ್ತ ತಿರುಗಿದಳು. "ನೀನು ಬಾಗಿಲಿಗೆ ಅಡ್ಡ ನಿಂತ್ರೆ ನಂಗೆ ಬೆಳಕೆಲ್ಲಿಂದ ಬರ್ಬೇಕು? ಹೋಗಿ ಏನಾದ್ರೂ ತಿನ್ನೋಕೆ ತಗೊಂಡ್ ಬಾ."

ಅವನು ಹೋದ. ಮುಂಭಾಗಕ್ಕೆ ಜಾಕ್ ಕೊಟ್ಟು ಎರಡೂ ಚಕ್ರ ನೆಲ ಬಿಟ್ಟ ಮೇಲೆ ಕ್ಲೋತಿಲ್ದೆ ಬಿಲ್ಲೆಗಳನ್ನು ತಿರುಗಿಸಿ, ಕೆಳಗೆ ಮಲಗಿ ಚಕ್ರಕ್ಕೆ ಬಲ ಒಯ್ಯುವ ಒಳಗಿನ ದಂಡವನ್ನು ಕೈಯಲ್ಲೇ ಸುತ್ತಿದಳು. ಎಡಗಡೆ ದಂಡ ತಿರುಗಿತು, ಚಕ್ರ ತಿರುಗಲಿಲ್ಲ. ಎದ್ದು ಬಂದು ಎಡಗಡೆಯ ಬಿಲ್ಲೆಯ ಸ್ಕ್ರೂ ಬಿಚ್ಚಿದಳು. ಒಳಗಿನದನ್ನು ಕಿತ್ತು ತೆಗೆಯಲು ಸುತ್ತಿಗೆಯೇ ಬೇಕಾಯಿತು.

"ನೋಡಿಲ್ಲಿ. ಬಿಲ್ಲೆ ತಿರುಗ್ತಿದೆ, ಒಳಗಿನ ಬಳೆ ಜರುಗ್ತಿಲ್ಲ. ತುಕ್ಕು, ಅಂಟು, ಎರಡೂ ಸೇರಿ ಕಚ್ಕೊಂಡಿದೆ. ನೀನು ಹತ್ತು ಸಲ ಇಳಿದು ತಿರುಗಿಸಿದ್ರೂ ಅಷ್ಟೇ, ತಿರುಗಿಸದಿದ್ರೂ ಅಷ್ಟೇ."

"ಅಂದ್ರೆ ನನ್ ತಪ್ಪಲ್ವಾ, ಮೇಸ್ತ್ರಿ?"

"ನಿಂದ್ಯಾಕಪ್ಪಾ?"

ಹಿಲಾರಿಯೋನ್ ಅಲ್ಲೇ ಟೈರಿನ ಮೇಲೆ ಕುಸಿದು ಕೂತ. ಮೂರು ವಾರದ ಮೇಲೆ ಮೊದಲ ಸಲ ಎದೆತುಂಬ ಉಸಿರು ಬಂತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹೆಂಡತಿಗೆ ಹೇಗೆ ಹೇಳುವುದು ಎಂದು ಮನಸ್ಸು ಆಗಲೇ ಮಾತು ಹೊಂದಿಸುತ್ತಿತ್ತು.

"ಮೇಲಿನ ರಬ್ಬರು ಹರಿದಿದೆ, ಅಲ್ಲಿಂದ ಇಳಿದಿದೆ," ಎನ್ನುತ್ತ ಅವಳು ಬಳೆಯನ್ನು ಮೂಗಿಗೆ ಹಿಡಿದಳು. "ಇದಕ್ಕೆ ಬಿಯರ್ ಕುಡಿಸಿದ ಮಹಾನುಭಾವ ಯಾರು? ಕಾಗದ ಬೇರೆ ತುರುಕಿದಾನೆ."

ಉಗುರಲ್ಲಿ ಕೆರೆದು ಅಂಗೈಗೆ ಹಾಕಿದಳು. ಕಾರ್ನಿವಲ್ ಹಬ್ಬದಲ್ಲಿ ಎರಚುವ ಚಿಕ್ಕ ಚಿಕ್ಕ ಕಾಗದದ ಚೂರು. ಎಲ್ಲವೂ ನೀಲಿ.

ಹಿಲಾರಿಯೋನನ ನಗು ಅಲ್ಲೇ ಸತ್ತಿತು. ಕಾರ್ನಿವಲ್ಲಿನ ಮಂಗಳವಾರ ಭೂಮಿತಾಯಿಯ ಹೆಸರಲ್ಲಿ ಲಾರಿಗೆ ಬಿಯರ್ ಎರೆಯುವಾಗ ವಿಲಾಕೋಟದಲ್ಲಿ ಚಕ್ರಕ್ಕೊಂದು ಮನೆ. ಈ ವರ್ಷ ಮುಂದಿನ ಎಡಚಕ್ರ ಮೆಲ್ಕಿಯಾದೆಸನ ಪಾಲಿಗೆ ಬಂದಿತ್ತು. ಎಲ್ಲರೂ ಬಣ್ಣಬಣ್ಣದ ಕಾಗದ ತಂದರೆ, ಬೆನಿತಾ ಬಸುರಿ, ಗಂಡೇ ಆಗಬೇಕು ಎಂದು ಅವನೊಬ್ಬ ಗಂಡುಕೂಸಿನ ಬಣ್ಣವಾದ ನೀಲಿ ಮಾತ್ರ ತಂದಿದ್ದ. ಬೇರೆಯವರು ಟೈರಿಗೆ ನಾಲ್ಕು ಹನಿ ಚಿಮುಕಿಸಿದರು. ಇವನು "ಇದಕ್ಕೂ ಬಾಯಿದೆ, ಹೊಟ್ಟೆತುಂಬ ಕುಡೀಲಿ" ಎಂದು ಬಿಲ್ಲೆಯ ಸಂದಿಗೇ ಇಡೀ ಬಾಟಲಿ ಸುರಿದು, ಕಾಗದವನ್ನು ಹೆಬ್ಬೆರಳಲ್ಲಿ ಒತ್ತಿದ್ದ. ಬೆನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹಿಲಾರಿಯೋನನೂ ನಕ್ಕಿದ್ದ.

ಅಮ್ಮ ಸತ್ತಾಗ ಆರು ವರ್ಷದವನಾಗಿದ್ದ ಆ ತಮ್ಮನನ್ನು ಸಾಕಿದವನು ಅವನೇ. ಹೆಂಡತಿಯನ್ನು ಕೊಂದದ್ದು ತನ್ನ ಕೈ ಎಂದು ತಿಳಿದರೆ ಮೆಲ್ಕಿಯಾದೆಸ್ ಬದುಕುವ ಪೈಕಿ ಅಲ್ಲ ಎಂದು ಹಿಲಾರಿಯೋನನಿಗೆ ಚೆನ್ನಾಗಿ ಗೊತ್ತಿತ್ತು.

"ಮೇಸ್ತ್ರಿ, ಇದನ್ನ ಅವನಿಗೆ ಹೇಳ್ಬೇಡಿ."

"ಕಬ್ಬಿಣದ ವಿಷಯದಲ್ಲಿ ನಾನು ಸುಳ್ಳು ಹೇಳೋಳಲ್ಲ."

"ಸುಳ್ಳು ನಾನು ಹೇಳ್ಕೋತೀನಿ. ನೀವು ಸುಮ್ನಿದ್ರೆ ಸಾಕು."

ಅವಳು ಅವನ ಮುಖವನ್ನೇ ನೋಡಿ, ಕಾಗದದ ಚೂರುಗಳನ್ನು ಅವನ ಕೈಗೆ ಉದುರಿಸಿದಳು. ಅವನು ಅವನ್ನೂ, ಬಳೆಗೆ ಅಂಟಿದ್ದನ್ನೂ ಬಟ್ಟೆಯಲ್ಲಿ ಒರೆಸಿ ಜೇಬಿಗೆ ತುರುಕಿದ. ಬಳೆ, ಸ್ಪ್ರಿಂಗುಗಳನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ನೆನೆಹಾಕಿ, ಹೊಸ ರಬ್ಬರು ಹುಡುಕಲು ಇಬ್ಬರೂ ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಮೆಲ್ಕಿಯಾದೆಸ್ ರೊಟ್ಟಿ, ಗಿಣ್ಣು ತಂದು ಬೋಗುಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಏನಂತೆ?"

"ಏನಿಲ್ಲ ಕಣೋ. ಲಾರಿ ಸರಿಯಾಗೇ ಇದೆ. ಎಡಗಡೆದು ನಾನು ತಿರುಗಿಸಿರ್ಲಿಲ್ಲ."

ಕ್ಲೋತಿಲ್ದೆ ಬೇಕೆಂತಲೇ ದಡದಡ ಸದ್ದು ಮಾಡುತ್ತ ಪಾನಾ ಹುಡುಕತೊಡಗಿದಳು. ಮೆಲ್ಕಿಯಾದೆಸ್ ಬೋಗುಣಿಯನ್ನೇ ನೋಡುತ್ತಿದ್ದ.

"ನಾನೂ ಹಂಗೇ ಅನ್ಕೊಂಡಿದ್ದೆ," ಎಂದ.

ಬಳೆ ಉಜ್ಜಿ, ಗ್ರೀಸ್ ಹಚ್ಚಿ, ರಬ್ಬರು ಕೂರಿಸಿ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಹೇಸರಗತ್ತೆ ಹಳ್ಳ ತಲುಪಿದಾಗ ಬಿಸಿಲಿಗೆ ನೆಲವೆಲ್ಲ ಕರಗಿ ಅವತ್ತಿನಷ್ಟೇ ಕೆಸರು. ಹಿಲಾರಿಯೋನ್ ಇಳಿಯಲು ಬಾಗಿಲು ತೆಗೆದ.

"ನೀನ್ ಕೂತಿರು, ನಾನ್ ತಿರುಗಿಸ್ತೀನಿ," ಎಂದು ತಮ್ಮ ಇಳಿದು ಬಲಗಡೆಯದನ್ನು ತಿರುಗಿಸಿದ, ಎಡಗಡೆಯದನ್ನೂ ತಿರುಗಿಸಿದ. ಬಂದು ಕೂತ.

ಲಿವರ್ ಎಳೆದ ಕೂಡಲೇ ಮುಂದಿನ ಎರಡೂ ಚಕ್ರ ನೆಲ ಕಚ್ಚಿದವು. ಲಾರಿ ಹಳ್ಳ ಇಳಿದು ಆಚೆ ದಡ ಹತ್ತಿ ನಿಂತಿತು. ಒಂದು ಬೀಡಿ ಹಚ್ಚುವಷ್ಟೂ ಹೊತ್ತಾಗಲಿಲ್ಲ. ಬೆನಿತಾ ನಾಲ್ಕು ಗಂಟೆ ನರಳಿದ ಜಾಗ ಅದು. ಹಿಲಾರಿಯೋನ್ ಸ್ಟೇರಿಂಗಿಗೆ ಹಣೆ ಇಟ್ಟು ಅತ್ತ.

ತಲೆಯೆತ್ತಿದಾಗ ತಮ್ಮನ ಕೈ ಕಣ್ಣಿಗೆ ಬಿತ್ತು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಒಂದು ಚೂರು ನೀಲಿ ಕಾಗದ ಸಿಕ್ಕಿಕೊಂಡಿತ್ತು. ಬೋಗುಣಿಯ ಸೀಮೆಎಣ್ಣೆಯ ವಾಸನೆಯೂ ಆ ಕೈಯಿಂದಲೇ ಬರುತ್ತಿತ್ತು. ತನ್ನ ಕೈಗೆ ಸಿಗದೆ ಬಳೆಗೆ ಅಂಟಿ ಉಳಿದ ಚೂರು ಇವನಿಗೆ ಸಿಕ್ಕಿತ್ತು. "ಏನಂತೆ" ಎಂದು ಕೇಳುವ ಮೊದಲೇ ಸಿಕ್ಕಿತ್ತು.

ಅಣ್ಣ ನೋಡಿದ್ದನ್ನು ಮೆಲ್ಕಿಯಾದೆಸನೂ ನೋಡಿದ. ಕೈಯನ್ನು ಮೆಲ್ಲಗೆ ಹೊದ್ದಿದ್ದ ಕಂಬಳಿಯೊಳಗೆ ಎಳೆದುಕೊಂಡ.

"ಭಾನುವಾರ ಸಭೇಲೂ ನೀನು ಹಂಗೇ ಹೇಳ್ತೀಯಲ್ಲ, ಅಣ್ಣ?"

ಮೂರು ವಾರದಿಂದ ಅವನ ಬಾಯಲ್ಲಿ ಅಣ್ಣ ಎಂಬ ಮಾತು ಬಂದಿರಲಿಲ್ಲ.

"ಹೇಳ್ತೀನಿ," ಎಂದು ಹಿಲಾರಿಯೋನ್ ಗೇರು ಹಾಕಿದ.