ಹಾಸಿಗೆ ಹೊರುವ ಗಾಡಿ

"ದೋಣಿ ಮುಗೀಲಿ. ನಾನೇ ನನ್ನ ಗಾಡೀಲಿ ಎಳ್ಕೊಂಡು ಹೋಗಿ ನೀರಿಗೆ ಬಿಡ್ತೀನಿ. ಬೇರೆಯವರ ಗಾಡಿ ಅದನ್ನ ಮುಟ್ಟೋಕೆ ಬಿಡಲ್ಲ" ಎಂದು ಅಳಿಯ ಮಾತು ಕೊಟ್ಟಾಗ, ದೋಣಿಯೆಂಬುದು ಹಿತ್ತಲಲ್ಲಿ ಎರಡು ಸ್ಟೂಲುಗಳ ಮೇಲೆ ಮಲಗಿದ್ದ ಒಂದು ಹಲಗೆಯಷ್ಟೇ ಆಗಿತ್ತು. ಅವನಾದರೂ ಆಗಿನ್ನೂ ಪೂರ್ತಿ ಅಳಿಯನಾಗಿರಲಿಲ್ಲ. ಹುಡುಗಿಯನ್ನು ಕೇಳಲು ಬಂದವನು ಕಾಫಿ ಕುಡಿದು, ಮುಂದೆ ಮಾತು ತೋಚದೆ, ಕಿಟಕಿಯಾಚೆ ಕಂಡ ಹಲಗೆಯ ಬಗ್ಗೆ ಕೇಳಿದ್ದ.

"ಜೀವಮಾನವೆಲ್ಲ ಬಾಗಿಲು ಮಾಡ್ದೆ" ಎಂದಿದ್ದರು ಮಾವ. ಬಡಗಿಯ ಕೈಗಳನ್ನು ಮೊಣಕಾಲ ಮೇಲೆ ಊರಿ ಕೂತಿದ್ದರು. "ನಾನು ಮಾಡಿದ್ದೆಲ್ಲ ನಿಂತಲ್ಲೇ ನಿಂತಿದೆ. ಹೋಗೋ ಅಂಥದ್ದು ಒಂದಾದ್ರೂ ಮಾಡ್ಬೇಕು." ಆಗಲೇ ಅವನ ಬಾಯಿಂದ ಆ ಮಾತು ಜಾರಿದ್ದು. ಮಾವ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದು, "ಮಾತು ಚೆನ್ನಾಗಿ ಆಡ್ತೀರಿ. ನೋಡೋಣ" ಎಂದಿದ್ದರು.

ಆ 'ನೋಡೋಣ' ಮುಂದಿನ ವರ್ಷಗಳುದ್ದಕ್ಕೂ ಇಬ್ಬರ ನಡುವೆ ನೇತಾಡಿತು. ಅಳಿಯ ಮನೆ ಬದಲಿಸುವಾಗ, ಕೆಲಸ ಬಿಡುವಾಗ, ಮತ್ತೆ ಹಿಡಿಯುವಾಗ, ಮಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಕನ್ನಡಕ ಸರಿಮಾಡಿಕೊಂಡರು, ಅಷ್ಟೆ. ಮದುವೆಯಾಯಿತು, ಪುಟ್ಟಿ ಹುಟ್ಟಿದಳು, ಪುಟ್ಟಿಗೆ ಹಲ್ಲು ಬಂದು, ಬಿದ್ದು, ಮತ್ತೆ ಬಂದವು. ಹಿತ್ತಲಲ್ಲಿ ಹಲಗೆಗೆ ಪಕ್ಕೆಲುಬು ಮೂಡಿತು, ಮೈ ತುಂಬಿತು. ಕೊನೆಗೊಂದು ದಿನ ಮಾವ ಬಣ್ಣದ ಡಬ್ಬಿ ಮುಚ್ಚಿ, "ಮುಗೀತು ಅಳಿಯಂದ್ರೇ" ಎಂದರು. ಅದೂ ಒಂದು ಬಗೆಯ 'ನೋಡೋಣ'ವೇ.

ಅಳಿಯನದು ಪಿಕಪ್ ಗಾಡಿ. ಹಾಸಿಗೆ ಅಂಗಡಿಯಿಂದ ಮನೆಮನೆಗೆ ಹಾಸಿಗೆ, ದಿಂಬು ಮುಟ್ಟಿಸುವ ಕೆಲಸ. ಗೋಪುರದಷ್ಟು ಎತ್ತರ ಪೇರಿಸಿದರೂ ಭಾರವೇ ಇಲ್ಲದ ಸರಕು. ಬೀದಿಯಲ್ಲಿ ಹೋಗುವಾಗ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಪುಟ್ಟಿ ಶಾಲೆಯಿಂದ ಬರುತ್ತ ಅದರಲ್ಲಿ ಕೂತರೆ ಎರಡನೇ ತಿರುವಿಗೆ ನಿದ್ದೆ ಹೋಗುತ್ತಿದ್ದಳು.

ಅಕ್ಕಪಕ್ಕದವರೆಲ್ಲ ಸೇರಿ ದೋಣಿಯನ್ನು ಎರಡು ಗಾಲಿಯ ಟ್ರೈಲರಿನ ಮೇಲೆ ಕೂರಿಸಿ, ಟ್ರೈಲರಿನ ಮುಂದಿನ ಸರಳನ್ನು ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿದರು. ಗಾಡಿ ಉಸ್ಸೆಂದು ಹಿಂಭಾಗ ನೆಲಕ್ಕೂರಿ ಕುಳಿತುಬಿಟ್ಟಿತು. ಮೂತಿ ಮೇಲೆದ್ದು, ಮುಂದಿನ ದೀಪಗಳೆರಡೂ ಎದುರುಮನೆಯ ಮಾಳಿಗೆಯನ್ನು ನೋಡತೊಡಗಿದವು.

"ಹಾಸಿಗೆ ಹೊರೋ ಗಾಡಿ ಅಲ್ವಾ" ಎಂದರು ಮಾವ. "ಹೊತ್ತು ಹೊತ್ತು ಅದಕ್ಕೂ ನಿದ್ದೆ ಹತ್ತಿದೆ."

ನೆರೆಯವರು ನಕ್ಕರು. ಅಳಿಯನೂ ನಕ್ಕ, ಆದರೆ ಕಿವಿ ಬಿಸಿಯಾಯಿತು. ಕೆರೆಯಲ್ಲಿ ದೋಣಿ ನಡೆಸುವವನೊಬ್ಬ ನೋಡಲು ಬಂದಿದ್ದ. ಅವನು ದೋಣಿಯ ಪಕ್ಕೆಗೆ ಬೆರಳು ಮಡಚಿ ತಟ್ಟಿದ. ಯಾರದೋ ಮನೆಯ ಹೆಬ್ಬಾಗಿಲು ಬಡಿದ ಸದ್ದು ಬಂತು.

"ಹಿರಿಯರೇ, ಇದಕ್ಕೆ ಯಾವ ಅಳತೆಯ ಹಲಗೆ ಹಾಕಿದ್ದೀರಿ?"

"ಹಲಗೆ ಅಂದ್ಮೇಲೆ ಹಲಗೆ ಇದ್ದಂಗಿರಬೇಕು" ಎಂದರು ಮಾವ. "ತಟ್ಟಿದ್ರೆ ಒಳಗಿರೋರಿಗೆ ಧೈರ್ಯ ಬರಬೇಕು."

ದೋಣಿಯವನು ಅಳಿಯನ ಕಡೆ ತಿರುಗಿ, "ನನ್ನ ಟ್ರ್ಯಾಕ್ಟರು ಕೆರೆ ದಂಡೇಲೇ ಇರುತ್ತೆ. ಒಂದು ಫೋನ್ ಮಾಡಿ" ಎಂದ.

"ಬೇಡ" ಎಂದ ಅಳಿಯ. ಮಾವನ ಮುಖ ನೋಡದೆಯೇ ಹೇಳಿದ.

ಊರ ಅಂಚಿನಲ್ಲಿ, ಗಾಡಿಗಳ ಸ್ಪ್ರಿಂಗ್ ಕೆಲಸ ಮಾಡುವ ಹೆಂಗಸನ್ನು ಎಲ್ಲರೂ ಸ್ಪ್ರಿಂಗಮ್ಮ ಎಂದೇ ಕರೆಯುತ್ತಿದ್ದರು. ಗಂಡನಿದ್ದಾಗ ಅವನ ಕುಲುಮೆಗೆ ಗಾಳಿ ಹಾಕುತ್ತಿದ್ದವಳು, ಅವನು ಹೋದಮೇಲೆ ಸುತ್ತಿಗೆಯನ್ನೂ ತಾನೇ ಹಿಡಿದಳು. ಸೆರಗನ್ನು ಸೊಂಟಕ್ಕೆ ಬಿಗಿದು ಅವಳು ಪಿಕಪ್ಪಿನ ಕೆಳಗೆ ತೂರಿದಾಗ ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ.

"ಅಯ್ಯೋ ಪಾಪ" ಎಂದವು ಆ ಪಾದಗಳು. "ಬಿಲ್ಲಿನಂಗೆ ಬಾಗಿರಬೇಕಾದ ಸ್ಪ್ರಿಂಗ್ ಪ್ಲೇಟು. ಇಲ್ನೋಡಿದ್ರೆ ಹಪ್ಪಳ."

"ಭಾರ ಎಳೀಬೇಕಮ್ಮ. ಕೂರಬಾರದು."

"ಏನು ಭಾರ?"

"ದೋಣಿ."

ಸ್ಪ್ರಿಂಗಮ್ಮ ಹೊರಗೆ ಬಂದು ಅವನನ್ನು ದಿಟ್ಟಿಸಿದಳು. "ಹಾಸಿಗೆ ಗಾಡೀಲಿ ದೋಣಿ. ನಿದ್ದೇಲಿ ಮಾತಾಡ್ತಿಲ್ಲ ತಾನೆ?"

ಎರಡೂ ಬದಿಯ ಪ್ಲೇಟಿನ ಕಟ್ಟುಗಳನ್ನು ಬಿಚ್ಚಿ ನೆಲಕ್ಕೆ ಹರಡಿದಳು. ಉದ್ದದ್ದು, ಅದಕ್ಕಿಂತ ಗಿಡ್ಡದ್ದು, ಇನ್ನೂ ಗಿಡ್ಡದ್ದು. ತುಕ್ಕು ಉಜ್ಜಿ ಒಂದೊಂದನ್ನೇ ಬೆಂಕಿಗಿಟ್ಟಳು. ಕಪ್ಪು ಕಬ್ಬಿಣ ಮೊದಲು ಮಾಗಿದ ಹಣ್ಣಿನ ಬಣ್ಣಕ್ಕೆ, ಆಮೇಲೆ ಬೆಳಗಿನ ಬಿಸಿಲಿನ ಬಣ್ಣಕ್ಕೆ ತಿರುಗಿತು. ಅವಳು ಅದನ್ನು ಇಕ್ಕಳದಲ್ಲಿ ಎತ್ತಿ, ಅಚ್ಚಿನ ಮೇಲಿಟ್ಟು ಬಡಿದು, ಹಳೆಯ ಬಾಗನ್ನು ಮತ್ತೆ ತಂದುಕೊಟ್ಟಳು. ಎಣ್ಣೆಯ ತೊಟ್ಟಿಗೆ ಅದ್ದಿದಾಗಲೆಲ್ಲ ಒಂದು ನಿಟ್ಟುಸಿರು ಕೇಳಿಸುತ್ತಿತ್ತು. ಹೊಗೆಯಲ್ಲಿ ಕೂತಿದ್ದ ಅಳಿಯನಿಗೆ ರೆಪ್ಪೆ ಭಾರವಾಯಿತು. ಅರೆನಿದ್ದೆಯಲ್ಲಿ ದೋಣಿ ಹಾಸಿಗೆಗಳ ರಾಶಿಯ ಮೇಲೆ ಕೂತು, ಮನೆಗಳ ಮಾಳಿಗೆಗಳ ಮೇಲಿಂದ, ಒಣಹಾಕಿದ ಬಟ್ಟೆಗಳನ್ನು ಮುಟ್ಟಿಯೂ ಮುಟ್ಟದಂತೆ ತೇಲಿಹೋಯಿತು. ಕೆಳಗಿನಿಂದ ಮಾವ ಕೈಬೀಸುತ್ತಿದ್ದರು. ಅವರು ಕನ್ನಡಕ ಸರಿಮಾಡಿಕೊಳ್ಳುತ್ತಿರಲಿಲ್ಲ.

"ಏಳಪ್ಪ, ನಿನ್ನ ಕನಸಿಗೆ ಬೋಲ್ಟು ಬಿಗಿದಾಯ್ತು."

ಪ್ರತಿ ಬದಿಗೂ ಒಂದು ದಪ್ಪ ಪ್ಲೇಟನ್ನು ಹೊಸದಾಗಿ ಸೇರಿಸಿದ್ದಳು. ಬುಶ್ಶು, ಬೋಲ್ಟು, ಶಾಕ್ ಅಬ್ಸಾರ್ಬರು ಎಲ್ಲ ಹೊಸದು. ಖಾಲಿ ಗಾಡಿ ಈಗ ಹಿಂಭಾಗ ಎತ್ತಿಕೊಂಡು, ಓಡಲು ಸಿದ್ಧವಾದ ಕುದುರೆಯಂತೆ ನಿಂತಿತ್ತು. ಅಳಿಯ ಅದರ ಸುತ್ತ ಎರಡು ಬಾರಿ ತಿರುಗಿದ.

"ಹಿಗ್ಗಬೇಡ" ಎಂದಳು ಸ್ಪ್ರಿಂಗಮ್ಮ ಕೈ ಒರೆಸಿಕೊಳ್ಳುತ್ತ. "ನಾನು ಗಾಡಿ ಕೂರದಂಗೆ ಮಾಡಿದೀನಿ, ಅಷ್ಟೆ. ಅದರ ಬ್ರೇಕು ಅದೇ ಬ್ರೇಕು. ನಿನ್ನ ಟ್ರೈಲರಿಗೆ ಬ್ರೇಕೇ ಇಲ್ಲ. ಹೊರೋದು ಬೇರೆ, ತಡೆಯೋದು ಬೇರೆ. ತಿಳೀತಾ?"

"ತಿಳೀತು" ಎಂದ ಅಳಿಯ. ತಿಳಿಯುವ ಮನಸ್ಸು ಅವನಿಗೆ ಅಂದು ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಪ್ರತಿ ಗುಂಡಿಗೂ ಗಾಡಿ ಎಗರಿತು. ಶಾಲೆಯಿಂದ ಹತ್ತಿಸಿಕೊಂಡ ಪುಟ್ಟಿ ಎರಡನೇ ತಿರುವು ದಾಟಿದರೂ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. "ಅಪ್ಪಾ, ಗಾಡಿಗೆ ಬಿಕ್ಕಳಿಕೆ ಬಂದಿದೆ" ಎಂದಳು.

"ಒಂದು ದೋಣಿಗೋಸ್ಕರ ಮಗಳ ನಿದ್ದೆ ಕೆಡಿಸಿದ್ರಿ" ಎಂದಳು ಹೆಂಡತಿ, ಮನೆಯಲ್ಲಿ ಪುಟ್ಟಿಯ ತಲೆ ಬಾಚುತ್ತ. ಜಡೆ ಹೆಣೆದು ಮುಗಿಸಿ, "ಅಪ್ಪ ಬಿಳಿ ಶರ್ಟು ಇಸ್ತ್ರಿ ಮಾಡಿಸಿ ಇಟ್ಕೊಂಡಿದಾರೆ" ಎಂದಳು.

ಮರುದಿನ ಬೆಳಗ್ಗೆ ಊರಿನ ಮೇಲೆ ಮಂಜು ಮಲಗಿತ್ತು. ಹೆಂಡತಿ, ಪುಟ್ಟಿ ಇಬ್ಬರೂ ನೆರೆಯವರ ಜೊತೆ ಮುಂಚೆಯೇ ಕೆರೆಗೆ ನಡೆದಿದ್ದರು. ಟ್ರೈಲರು ಸಿಕ್ಕಿಸಿದಾಗ ಪಿಕಪ್ ಒಂದಿಷ್ಟು ಬಾಗಿ, ನೆಟ್ಟಗೆ ನಿಂತಿತು. ದೀಪಗಳು ನೋಡಬೇಕಾದಲ್ಲೇ ನೋಡಿದವು. ಬಿಳಿ ಶರ್ಟಿನ ಮಾವ ಅಳಿಯನ ಪಕ್ಕದಲ್ಲಿ ಹತ್ತಿ ಕೂತರು. ದೋಣಿಯ ಹುಟ್ಟನ್ನು ಬೇರೆಲ್ಲೂ ಇಡಲೊಪ್ಪದೆ, ಕೈಯಲ್ಲೇ ಹಿಡಿದು ಕಿಟಕಿಯಿಂದ ಹೊರಗೆ ಚಾಚಿದರು.

ಗಾಡಿ ನಡಿಗೆಯ ವೇಗದಲ್ಲಿ ಹೊರಟಿತು. ಮಂಜಿನಲ್ಲಿ ಬೀದಿಯೇ ಕಾಣುತ್ತಿರಲಿಲ್ಲ. ಎರಡೂ ಕಡೆಯ ಬಾಗಿಲುಗಳು ಮಾತ್ರ ಒಂದೊಂದಾಗಿ ಬಳಿಗೆ ಬಂದು ಹಿಂದೆ ಸರಿಯುತ್ತಿದ್ದವು. ಅವುಗಳಲ್ಲಿ ಎಷ್ಟೋ ಮಾವ ಮಾಡಿದವು. ಹಲ್ಲುಜ್ಜುತ್ತ ನಿಂತಿದ್ದವನೊಬ್ಬ ಬ್ರಶ್ಶನ್ನು ಬಾಯಲ್ಲೇ ಮರೆತ. ಮೇಲಿನ ಮಹಡಿಯಿಂದ ಒಬ್ಬ ಮುದುಕಿ, "ಎಲ್ಲಿಗೆ ಮೆರವಣಿಗೆ?" ಎಂದು ಕೇಳಿದಳು.

"ನೀರಿಗೆ" ಎಂದರು ಮಾವ, ಹುಟ್ಟನ್ನು ಸ್ವಲ್ಪ ಮೇಲೆತ್ತಿ.

ಅಳಿಯ ಓರೆಗಣ್ಣಲ್ಲಿ ನೋಡಿದ. ಮಾವನ ಮುಖದಲ್ಲಿ ಅವನೆಂದೂ ಕಾಣದ ಒಂದು ಸಡಿಲಿಕೆಯಿತ್ತು. "ಗಾಡಿ ಎದ್ದಿದೆ ಅಳಿಯಂದ್ರೇ" ಎಂದರು. ಅಷ್ಟೇ ಹೇಳಿದ್ದು. ಅಳಿಯನ ಎದೆ ಹಿಗ್ಗಿ, ಆ ಬೀದಿ ಹೀಗೆಯೇ ಮುಗಿಯದೆ ಹೋಗುತ್ತಿರಲಿ ಎನ್ನಿಸಿತು.

ಹಿಟ್ಟಿನ ಗಿರಣಿ ದಾಟಿದಮೇಲೆ ಒಂದು ಚಿಕ್ಕ ಇಳಿಜಾರು. ಅಳಿಯ ಬ್ರೇಕಿನ ಮೇಲೆ ಕಾಲಿಟ್ಟ. ಗಾಡಿ ನಿಧಾನವಾಗಲಿಲ್ಲ. ಯಾರೋ ಬೆನ್ನ ಮೇಲೆ ಅಂಗೈಯಿಟ್ಟು, ಸಿಟ್ಟಿಲ್ಲದೆ, ಆತುರವೂ ಇಲ್ಲದೆ ಮುಂದಕ್ಕೆ ತಳ್ಳಿದಂತಾಯಿತು. ಕಾಲನ್ನು ಪೂರ್ತಿ ಒತ್ತಿದ. ಇಳಿಜಾರು ಮುಗಿದು ರಸ್ತೆ ಸಮವಾದಮೇಲಷ್ಟೇ ಗಾಡಿ ಅವನ ಮಾತು ಕೇಳಿತು. ಸುಟ್ಟ ವಾಸನೆ ಒಳಗೆ ಬಂತು. ಮಾವ ಹುಟ್ಟು ಹಿಡಿದು ಮುಂದೆ ನೋಡುತ್ತಲೇ ಇದ್ದರು.

ಕೆರೆಗಿಳಿಯುವ ದೊಡ್ಡ ಇಳಿಜಾರಿನ ನೆತ್ತಿಯಲ್ಲಿ ಅಳಿಯ ಗಾಡಿ ನಿಲ್ಲಿಸಿದ. ಇಳಿದು ಹಿಂದಿನ ಗಾಲಿಯ ಬಳಿ ಕೈ ಒಡ್ಡಿದ. ಮುಟ್ಟಬೇಕಾಗಿಯೇ ಇರಲಿಲ್ಲ, ಅಷ್ಟು ದೂರಕ್ಕೇ ಕಾವು ಹೊಡೆಯಿತು. ಎರಡು ಗಾಲಿಗೂ ಕಲ್ಲು ಅಡ್ಡ ಕೊಟ್ಟ.

ಮಂಜು ಹರಿದು ತೆಳುವಾಗುತ್ತಿತ್ತು. ರಸ್ತೆ ನೇರವಾಗಿ ಇಳಿದು, ತುದಿಯಲ್ಲಿ ಒಂದೇ ಒಂದು ತಿರುವು ತೆಗೆದುಕೊಂಡು ನೀರನ್ನು ಮುಟ್ಟುತ್ತಿತ್ತು. ಆ ತಿರುವಿನಲ್ಲೇ ಜನ ನಿಂತಿದ್ದರು. ಹಳದಿ ಸ್ವೆಟರು ಪುಟ್ಟಿಯದು. ಅವಳು ಎರಡೂ ಕೈ ಎತ್ತಿ ಬೀಸುತ್ತಿದ್ದಳು.

"ಯಾಕೆ ನಿಂತ್ರಿ?" ಎಂದರು ಮಾವ, ಕಿಟಕಿಯಿಂದ ತಲೆ ಹಾಕಿ.

"ಇಳಿಸೋಕೆ ಆಗಲ್ಲ ಮಾವ."

"ಗಾಡಿ ಬಲ ಮಾಡಿಸಿದ್ರಲ್ಲ."

"ಎಳೆಯೋಕೆ ಬಲ ಇದೆ. ಹಿಡಿಯೋಕೆ ಇಲ್ಲ."

"ನಿಧಾನಕ್ಕೆ ಹೋಗೋಣ."

"ನಿಧಾನ ನನ್ನ ಕೈಲಿರಲ್ಲ ಮಾವ. ದೋಣಿ ಕೈಲಿರುತ್ತೆ."

ಮಾವ ಕೆಳಗಿನ ನೀರನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡರು. "ಅವತ್ತು ಮಾತು ಕೊಟ್ಟಿದ್ರಿ" ಎಂದರು. ದನಿಯಲ್ಲಿ ಕೊಂಕಿರಲಿಲ್ಲ, ಅದೇ ಅಳಿಯನಿಗೆ ಹೆಚ್ಚು ತಾಗಿತು.

ಇಷ್ಟು ವರ್ಷ ಕಾಯ್ದುಕೊಂಡು ಬಂದದ್ದು ಆ ಒಂದು ಮಾತನ್ನು. ಇಷ್ಟು ಹತ್ತಿರ ತಂದು ಕೈಬಿಟ್ಟರೆ ಮುಂದೆ ಈ ಮನುಷ್ಯನೆದುರು ಯಾವ ಮಾತಾಡಿದರೂ ಅದು ಬರೀ ಚೆನ್ನಾಗಿ ಆಡಿದ ಮಾತೇ. ಅಳಿಯ ಮತ್ತೊಮ್ಮೆ ಇಳಿಜಾರು ನೋಡಿದ. ಪುಟ್ಟಿ ಈಗ ರಸ್ತೆಯ ನಡುವಿಗೇ ಬಂದು ಕೈಬೀಸುತ್ತಿದ್ದಳು.

"ಕೊಟ್ಟಿದ್ದೆ ಮಾವ" ಎಂದ. ಫೋನ್ ತೆಗೆದು ದೋಣಿಯವನಿಗೆ ಕರೆ ಮಾಡಿದ.

ಟ್ರ್ಯಾಕ್ಟರು ಏದುಸಿರು ಬಿಡುತ್ತ ಮೇಲೇರಿ ಬರುವವರೆಗೆ ಇಬ್ಬರೂ ದೋಣಿಗೆ ಒರಗಿ ನಿಂತಿದ್ದರು. ಮಾವ ಅದರ ಪಕ್ಕೆಯನ್ನು ಸವರುತ್ತಿದ್ದರು. "ಬಾಗಿಲಿನ ಅಳತೆ ಹಿಡಿದುಬಿಟ್ಟೆ" ಎಂದರು. "ತೆಳು ಮಾಡೋಕೆ ಕೈಯೇ ಒಪ್ಪಲಿಲ್ಲ. ತೆಳು ಮಾಡಿದ್ರೆ ಯಾರಾದ್ರೂ ಒಳಗೆ ಬಂದ್ಬಿಡ್ತಾರೇನೋ ಅಂತ." ತಮ್ಮ ಮಾತಿಗೆ ತಾವೇ ಸಣ್ಣಗೆ ನಕ್ಕರು.

ದೋಣಿಯವನು ಟ್ರೈಲರನ್ನು ತನ್ನ ಟ್ರ್ಯಾಕ್ಟರಿಗೆ ಬದಲಿಸಿಕೊಂಡ. ಕೊಂಡಿ ಕಳಚಿದೊಡನೆ ಪಿಕಪ್ಪಿನ ಹಿಂಭಾಗ ಮೇಲೆದ್ದಿತು. ಟ್ರ್ಯಾಕ್ಟರು ಮೊದಲ ಗೇರಿನಲ್ಲಿ, ದೋಣಿಯ ಭಾರವನ್ನು ಬೆನ್ನಲ್ಲಿ ತಡೆದುಕೊಂಡು, ಹೆಜ್ಜೆಹೆಜ್ಜೆಯಾಗಿ ಇಳಿಯತೊಡಗಿತು.

"ಬಾರಪ್ಪ" ಎಂದರು ಮಾವ. "ನನ್ನ ಮಂಡಿ ಇಳಿಜಾರಿಗೆ ಆಗಿಬರಲ್ಲ. ನೀನು ಸ್ವಲ್ಪ ಹಿಡ್ಕೋ." ಅವರು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅಳಿಯ ತೋಳು ಕೊಟ್ಟ. ಬಡಗಿಯ ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿದವು. ಇಬ್ಬರೂ ದೋಣಿಯ ಹಿಂದೆ ನಡೆದರು.

ಟ್ರೈಲರು ನೀರಿಗಿಳಿಯಿತು. ದೋಣಿ ಒಮ್ಮೆ ಮುಳುಗುವಂತೆ ಕೂತು, ಯೋಚಿಸಿದಂತೆ ನಿಂತು, ತೇಲಿತು. ಅಲೆಗಳು ಸುತ್ತ ಹರಡಿ ಮಂಜಿನೊಳಕ್ಕೆ ಹೋದವು.

ದೋಣಿಯನ್ನು ನೀರಿಗೆ ಬಿಟ್ಟದ್ದು ಬೇರೆಯವರ ಟ್ರ್ಯಾಕ್ಟರು. ಅಳಿಯ ಕೊಟ್ಟ ಮಾತು ಉಳಿಯಲಿಲ್ಲ.