ಖೋ ಕೊಟ್ಟವಳು

ಆಟ ಬಿಟ್ಟ ಮೇಲೆ ಸಂಜೆ ನಾಲ್ಕು ಗಂಟೆಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಆರನೇ ಕ್ಲಾಸಿನಿಂದ ಬಿ.ಕಾಂ. ಎರಡನೇ ವರ್ಷದವರೆಗೆ ಆ ಹೊತ್ತಿನಲ್ಲಿ ನಾನು ಖೋ ಖೋ ಮೈದಾನದಲ್ಲಿದ್ದವಳು. ಈಗ ಉಡುಪಿಯ ಕಾಲೇಜಿನ ಲೈಬ್ರರಿಯಲ್ಲಿ ಯಾವುದೋ ಪುಸ್ತಕ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಕಿಟಕಿಯಾಚೆ ಎಡ್ಮಂಡ್ ಸರ್ ವಿಸಿಲ್ ಊದಿದರೆ ಮೇಜಿನ ಕೆಳಗೆ ನನ್ನ ಕಾಲು ತಾನಾಗಿ ಜಿಗಿದು ಮೇಜಿಗೆ ಬಡಿಯುತ್ತಿತ್ತು. ಎದುರು ಕೂತವರು ಕೆಕ್ಕರಿಸಿ ನೋಡುತ್ತಿದ್ದರು. ನಾನೂ ಹಾಗೆಯೇ ನೋಡುತ್ತಿದ್ದೆ.

ಎಡ್ಮಂಡ್ ಸರ್ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು. ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ತಡೆದು ನಿಲ್ಲಿಸುತ್ತಿದ್ದರು.

“ಎಂತ ಮಾನಸ, ಕಾಲು ಸರಿ ಉಂಟು, ಕೈ ಸರಿ ಉಂಟು. ಮತ್ತೆ ಬಿಟ್ಟದ್ದು ಯಾಕೆ?”

“ಓದ್ಲಿಕ್ಕೆ ಉಂಟು ಸರ್.”

“ನೀನು ಓದುವುದು ನನಗೆ ಗೊತ್ತಿಲ್ವಾ.”

ರಾಜಶ್ರೀಯ ಮೇಲಿನ ಪ್ರೀತಿಯಿಂದ ಬಿಟ್ಟಳು ಎಂದು ತಂಡದ ಹುಡುಗಿಯರು ಹೇಳಿಕೊಂಡು ತಿರುಗುತ್ತಿದ್ದರು. ಗೆಳತಿ ಬಿದ್ದ ಮೈದಾನಕ್ಕೆ ಕಾಲಿಡುವುದಿಲ್ಲವಂತೆ, ಎಷ್ಟು ದೊಡ್ಡ ಮನಸ್ಸು ಎಂದು. ಕೇಳಿದಾಗ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅಲ್ಲ ಎಂದು ನಾನು ಹೇಳಲಿಲ್ಲ.

ನಡೆದದ್ದು 2002ರ ಜನವರಿಯಲ್ಲಿ, ಕಾರ್ಕಳದಲ್ಲಿ. ಅಂತರ ಕಾಲೇಜು ಫೈನಲ್. ಖೋ ಖೋದಲ್ಲಿ ಅಟ್ಟುವ ತಂಡದ ಎಂಟು ಜನ ಒಂದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬರ ಮುಖ ಈ ಕಡೆಗಾದರೆ ಪಕ್ಕದವರದು ಆ ಕಡೆಗೆ. ಒಂಬತ್ತನೆಯವಳು ಮಾತ್ರ ಓಡುತ್ತಾಳೆ. ಅವಳು ಸಾಲು ದಾಟುವಂತಿಲ್ಲ. ಎದುರಾಳಿ ಸಾಲಿನ ನಡುವೆ ನುಸುಳಿ ಆಚೆ ಹೋದರೆ, ಆಚೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ‘ಖೋ’ ಅನ್ನಬೇಕು. ಅವಳು ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂರಬೇಕು. ಆಟ ಇಷ್ಟೇ.

ಆ ಬೆಳಿಗ್ಗೆ ಕಾರ್ಕಳದ ಬಸ್ಸಿನಲ್ಲಿ ರಾಜಶ್ರೀ ನನ್ನ ಕಿವಿಯ ಹತ್ತಿರ ಬಾಗಿದಳು. ಅವಳದು ಬಾದಾಮಿ ಕಡೆಯ ಕುಟುಂಬ. ತಂದೆ ಕಲ್ಲಯ್ಯ, ತಾಯಿ ರತ್ನವ್ವ ಇಬ್ಬರೂ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವವರು, ತಗಡಿನ ಶೆಡ್ಡಿನಲ್ಲಿ ಇರುವವರು. ಅವಳಿಗೆ ಕಾಲೇಜು, ಹಾಸ್ಟೆಲ್, ಊಟ ಎಲ್ಲವೂ ಖೋ ಖೋದಿಂದಲೇ ಬಂದದ್ದು.

“ಮಾನಸಾ, ಬಲಗಾಲಿನ ಮೊಣಕಾಲು ಹಿಡದೈತಿ. ಕುಂದ್ರಾಕ ಬರತೈತಿ, ಎದ್ದು ತಿರಗಾಕ ಬರಂಗಿಲ್ಲ. ಸರ್‌ಗೆ ಹೇಳಬ್ಯಾಡ, ಟೀಮಿನಿಂದ ತಗದ್ರ ಹಾಸ್ಟೆಲ್ ಹೋಗತೈತಿ. ನೀ ಒಂದು ಮಾಡು, ನನಗ ಖೋ ಕೊಡಬ್ಯಾಡ. ಬ್ಯಾರೇದವರಿಗೆ ಕೊಡು.”

ಆಯ್ತು ಎಂದೆ. ಕೈ ಹಿಡಿದುಕೊಂಡೇ ಹೇಳಿದ್ದೆ.

ಕೊನೆಯ ಸರದಿಯಲ್ಲಿ ಅಂಕ ಸಮವಾಗಿತ್ತು. ಅರ್ಧ ನಿಮಿಷವೂ ಉಳಿದಿರಲಿಲ್ಲ. ನಾನು ಅಟ್ಟುತ್ತಿದ್ದವಳು, ಎದುರು ತಂಡದ ಹುಡುಗಿ ರಾಜಶ್ರೀಯ ಪಕ್ಕದಲ್ಲೇ ನುಸುಳಿ ಆಚೆ ಹೋದಳು. ಎರಡು ಚೌಕ ಮುಂದೆ ನಮ್ಮ ತಂಡದ ಸೆಲೀನ್ ಅದೇ ಕಡೆ ಮುಖ ಮಾಡಿ ಕೂತಿದ್ದಳು. ಅಲ್ಲಿಯ ತನಕ ಓಡಿ ಅವಳಿಗೆ ಖೋ ಕೊಡಬಹುದಿತ್ತು. ಅಷ್ಟರಲ್ಲಿ ಹುಡುಗಿ ಕೈತಪ್ಪಿ ಹೋಗುತ್ತಿದ್ದಳು. ನಾನು ರಾಜಶ್ರೀಯ ಬೆನ್ನು ಮುಟ್ಟಿ ಖೋ ಅಂದೆ.

ಅವಳು ಎದ್ದಳು, ತಿರುಗಿದಳು, ಮೈಚಾಚಿ ಹಾರಿದಳು, ಬಿದ್ದಳು. ಅಂಪೈರ್ ವಿಸಿಲ್ ಊದಿ ಔಟ್ ಕೊಟ್ಟರು. ಎಡ್ಮಂಡ್ ಸರ್ ಟೋಪಿ ಮೇಲಕ್ಕೆಸೆದರು. ರಾಜಶ್ರೀಯ ಕಿರುಚಾಟ ಕೇಳುವ ಹೊತ್ತಿಗೆ ನಾವು ಅರ್ಧ ಕುಣಿದಾಗಿತ್ತು.

ಆಸ್ಪತ್ರೆಯಲ್ಲಿ ಅವಳು ಏನನ್ನೂ ಕೇಳಲಿಲ್ಲ. ನಾನೇ ಬಾಯಿಬಿಟ್ಟೆ. “ಗಡಿಬಿಡಿಯಲ್ಲಿ ಮರೆತೇ ಹೋಯಿತು ಮಾರಾಯ್ತಿ,” ಎಂದೆ. “ಇರಲಿ ಬಿಡು,” ಎಂದಳು ಅವಳು, ಮುಖ ಗೋಡೆಯ ಕಡೆಗೆ ತಿರುಗಿಸಿ. ಮರೆತದ್ದಲ್ಲ. ಬಸ್ಸಿನ ಮಾತು ಪೂರ್ತಿ ನೆನಪಿತ್ತು. ಗೆಲ್ಲುವ ಆಸೆ ಅದಕ್ಕಿಂತ ಜೋರಾಗಿತ್ತು, ಅಷ್ಟೇ. ಎರಡು ತಿಂಗಳಲ್ಲಿ ಅವಳ ಹಾಸ್ಟೆಲ್ ಹೋಯಿತು, ವರ್ಷ ಮುಗಿಯುವ ಮೊದಲೇ ಕಾಲೇಜೂ ಬಿಟ್ಟುಹೋಯಿತು. ನನಗೆ ಕಪ್ಪಿನ ಜೊತೆಗಿನ ಫೋಟೋ ಸಿಕ್ಕಿತು.

ಆಮೇಲೆ ಬೆನ್ನುಗಳ ಕಾಟ ಶುರುವಾಯಿತು. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಸೀಟಿನ ಮೇಲೆ ಸಾಲು ಸಾಲು ಬೆನ್ನು. ಕ್ಲಾಸಿನಲ್ಲಿ ಬೆನ್ನು. ಕಂಡ ತಕ್ಷಣ ನನ್ನ ಬಲ ಅಂಗೈಗೆ ರಾಜಶ್ರೀಯ ಒದ್ದೆ ಜೆರ್ಸಿ ಮುಟ್ಟಿದಂತಾಗುತ್ತಿತ್ತು, ಅದರ ಬಿಸಿ ಸಹಿತ. ಸೋಪು ಹಾಕಿ ತೊಳೆದೆ, ಮರಳಿನಲ್ಲಿ ತಿಕ್ಕಿದೆ. ಹುಚ್ಚು ಹಿಡಿಯುತ್ತಿದೆಯೋ ಏನೋ ಎಂದು ನಿಜವಾಗಿ ಹೆದರಿದೆ. ಕಡೆಗೆ ಎಲ್ಲಿಗೆ ಹೋದರೂ ಹಿಂದಿನ ಸೀಟು ಬಿಟ್ಟು ಎಲ್ಲರಿಗಿಂತ ಮುಂದೆ ಕೂರುವ ಅಭ್ಯಾಸ ಮಾಡಿಕೊಂಡೆ.

ನನ್ನ ಅಮ್ಮ ಅಮ್ಮಣ್ಣಿ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಒಂದು ಭಾನುವಾರ ಐಸು ತಂದುಕೊಡಲು ಹೋದೆ. ಆ ದಿನ ಜಾಗ ಸಾಲದೆ ಹೆಂಗಸರು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಒಂದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನ ಕಣ್ಣು ಮಂಜಾಯಿತು. ಐಸಿನ ಚೀಲ ಕೆಳಗೆ ಹಾಕಿ ಅಮ್ಮನ ಬೆನ್ನು ಮುಟ್ಟಿ ಖೋ ಅಂದೆ. ಅಮ್ಮ ಬೆಚ್ಚಿ ಎದ್ದಳು, ಬಂಗುಡೆ ಬುಟ್ಟಿ ಮಗುಚಿತು.

“ಎಂತದು, ನಿನಗೆ ಭೂತ ಬಂದದ್ದಾ?” ಎಂದು ಬೈದಳು. ಸುತ್ತಲಿನವರು ನಕ್ಕರು. ನಾನು ಅಳಲು ಶುರುಮಾಡಿದ ಮೇಲೆ ಅವರ ನಗು ನಿಂತಿತು. ಅಮ್ಮ ಮೀನಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನನ್ನು ಬದಿಗೆ ಕರೆದಳು. “ಆ ಘಟ್ಟದ ಮೇಲಿನ ಹುಡುಗಿಯ ವಿಷಯ ಅಲ್ವಾ? ಹೋಗಿ ಮಾತಾಡಿ ಬಾ. ನೀನು ಹೀಗೆ ಮಾಡಿದರೆ ನನ್ನಿಂದ ನೋಡ್ಲಿಕ್ಕೆ ಆಗುವುದಿಲ್ಲ.”

ಹೋಗಲು ಮತ್ತೆ ಹತ್ತು ದಿನ ಬೇಕಾಯಿತು. ಹೇಳಿದರೆ ಇರುವ ಒಬ್ಬಳೇ ಗೆಳತಿ ಹೋಗುತ್ತಾಳೆ, ಹೇಳದಿದ್ದರೆ ನನ್ನ ತಲೆ ಹೋಗುತ್ತದೆ. ಕೊನೆಗೆ ಒಂದು ಗುರುವಾರ ಮಣಿಪಾಲದ ಬಸ್ಸು ಹತ್ತಿದೆ.

ರಾಜಶ್ರೀ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಳು. ಮೆಡಿಕಲ್ ಹುಡುಗರ ನೋಟ್ಸು ಯಂತ್ರದಿಂದ ಒಂದೊಂದಾಗಿ ಹೊರಗೆ ಬರುತ್ತಿತ್ತು. ನನ್ನನ್ನು ಕಂಡು ಎದ್ದಳು. ಒಂದು ಕೈ ಮೇಜಿಗೆ ಕೊಟ್ಟು, ಬಲಗಾಲು ಮಡಚದೆ, ಮೊದಲು ಸೊಂಟ ಎತ್ತಿ ಆಮೇಲೆ ಕಾಲು ಎಳೆದುಕೊಂಡು. ಮೈದಾನದಲ್ಲಿ ಅವಳಷ್ಟು ಬೇಗ ಏಳುವವರು ಯಾರೂ ಇರಲಿಲ್ಲ. ನನಗೆ ನೋಡಲಾಗಲಿಲ್ಲ.

“ದಪ್ಪ ಆಗೀಯಲ್ಲ,” ಎಂದಳು.

“ರಾಜಿ, ನಾನು ಸುಳ್ಳು ಹೇಳಿದ್ದೆ. ಆ ದಿನ ಮರೆತದ್ದಲ್ಲ. ನೆನಪಿತ್ತು. ನೆನಪಿದ್ದೇ ಕೊಟ್ಟೆ.”

ಅವಳು ಹಾಳೆಗಳನ್ನು ಸರಿಮಾಡಿ, ಪಿನ್ನು ಹೊಡೆದು, ಬದಿಗಿಟ್ಟಳು. “ಗೊತ್ತೈತಿ,” ಎಂದಳು.

“ಹೇಗೆ?”

“ಖೋ ಅನ್ನೂಕಿಂತ ಮೊದಲ ನೀ ಸಾರಿ ಅಂದಿ. ಸಣ್ಣಗೆ. ಮರತಾಕಿ ಸಾರಿ ಯಾಕ ಅಂತಾಳ?”

ನಾನು ಹಾಗೆ ಅಂದದ್ದು ನನಗೇ ಗೊತ್ತಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತೆ. “ಗೊತ್ತಿದ್ದೂ ಯಾಕೆ ಎದ್ದೆ ನೀನು?”

“ಖೋ ಅಂದ್ರ ಏಳೂದು. ಅದಕ್ಕ ಕುಂತಿರ್ತೀವಿ,” ಎಂದಳು. ಮಾತಿನಲ್ಲಿ ಸಿಟ್ಟು ಈಗ ಬಂತು. “ನೀ ಕೊಟ್ಟದ್ದಕ್ಕ ನನಗ ಸಿಟ್ಟಿಲ್ಲ. ನಿನ್ನ ಜಾಗದಾಗ ನಾ ಇದ್ರೂ ಕೊಡತಿದ್ದೆ. ಮರತೆ ಅಂದಿ ನೋಡು, ಅದು ಸುಟ್ಟತು. ಅಪ್ಪಗ ಕಾಲು ಜಾರಿ ಬಿದ್ದೆ ಅಂತ ಹೇಳೀನಿ. ಸರ್‌ಗೂ ಹಂಗ. ಇದ್ದದ್ದು ಇದ್ದಂಗ ಗೊತ್ತಿದ್ದಾಕಿ ನೀ ಒಬ್ಬಾಕಿ. ನೀನ ಮರತೆ ಅಂದ್ರ ನಾ ಯಾರ ಜೋಡಿ ಮಾತಾಡ್ಲಿ?”

ಅತ್ತದ್ದು ನಾನೇ, ಅವಳು ಅಳಲಿಲ್ಲ. ವರ್ಷದ ಮೇಲೆ ಮೊದಲ ಸಲ ಎದೆ ಹಗುರಾಯಿತು. ಇನ್ನು ಮುಚ್ಚಿಡುವುದು ಏನೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವಳು ಮೇಜಿನ ಮೇಲೆ ಮುಂದಕ್ಕೆ ಬಾಗಿದಳು.

“ಒಂದು ಕೇಳ್ತೀನಿ, ಖರೇ ಹೇಳು. ಆ ಹುಡುಗಿನ್ನ ನಾ ಮುಟ್ಟಿದ್ನಾ? ಬೀಳೂ ಹೊತ್ತಿಗೆ ಕಣ್ಣಿಗೆ ಕತ್ತಲ ಬಂತು. ಕೈಗೆ ಏನರ ತಾಗಿದ್ದು ನೆನಪಿಲ್ಲ. ಎಲ್ಲಾರೂ ಗೆದ್ವಿ ಗೆದ್ವಿ ಅಂದ್ರು, ಮುಟ್ಟಿದ್ದು ನೋಡೀನಿ ಅಂತ ಒಬ್ಬರೂ ಅನಲಿಲ್ಲ. ನೀ ಹಿಂದ ಇದ್ದಿ.”

ನಾನು ಹಿಂದೆಯೇ ಇದ್ದೆ. ಅವಳ ಬೆರಳಿಗೂ ಆ ಹುಡುಗಿಯ ಜೆರ್ಸಿಗೂ ನಡುವೆ ಒಂದು ಗೇಣು ಜಾಗವಿತ್ತು. ರಾಜಶ್ರೀ ಬಿದ್ದ ಸದ್ದಿಗೆ ಆ ಹುಡುಗಿ ಹೆದರಿ ನಿಂತುಬಿಟ್ಟಳು. ಆಚೆ ಬದಿಯಲ್ಲಿದ್ದ ಅಂಪೈರ್ ಅವಳು ನಿಂತದ್ದನ್ನು ಕಂಡು ಔಟ್ ಎಂದು ತಿಳಿದರು. ಹುಡುಗಿ ತಕರಾರು ಮಾಡಲಿಲ್ಲ. ನಾನು ಬಾಯಿಬಿಡಲಿಲ್ಲ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ, ನನಗೆ ನಾನೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಯಂತ್ರ ನಿಂತಿತ್ತು. ಅವಳು ಕಾಯುತ್ತಿದ್ದಳು.

“ಮುಟ್ಟಿದೆ,” ಎಂದೆ.

“ಎಲ್ಲಿ?”

“ಎಡಗಡೆ ಬೆನ್ನಿಗೆ. ನಂಬರಿನ ಕೆಳಗೆ.”

ರಾಜಶ್ರೀ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. “ಹಂಗಾರ ಸರಿ,” ಎಂದಳು. ನೋಟ್ಸಿಗೆ ಬಂದ ಹುಡುಗನಿಗೆ ಹಾಳೆ ಕೊಡುತ್ತಾ, ಅವನು ಕೇಳದಿದ್ದರೂ, ಕಾರ್ಕಳದ ಫೈನಲಿನಲ್ಲಿ ಕೊನೆಯ ಪಾಯಿಂಟು ತನ್ನದು ಎಂದು ಹೇಳಿದಳು. ಆಮೇಲೆ ನನಗೆ, “ಗುರುವಾರ ಗದ್ದಲ ಇರಂಗಿಲ್ಲ, ಬರತಾ ಇರು,” ಎಂದಳು.

ಮುಂದಿನ ಗುರುವಾರ ಹೋದೆ. ಅದರ ಮುಂದಿನ ಗುರುವಾರವೂ ಹೋದೆ. ಚಹಾ ತರಿಸುತ್ತಾಳೆ, ಕೊನೆಯ ಪಾಯಿಂಟು ಇನ್ನೊಮ್ಮೆ ಹೇಳು ಎನ್ನುತ್ತಾಳೆ. ಹೇಳುತ್ತೇನೆ. ಈಗೀಗ ತಾಗದ ಆ ಕೈ ಹುಡುಗಿಯ ಬೆನ್ನಿಗೆ ತಾಗುವುದು ನನಗೂ ಕಾಣುತ್ತದೆ, ನನಗೆ ಹೆದರಿಕೆ ಅದರದ್ದೇ.