ಕಿಂಡಿಗೆ ಹಾಕಿದ ಪರದೆ

ನಮ್ಮ ಹೋಟೆಲಿನಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ತಟ್ಟೆಗಳು ಅಲ್ಲಿಂದಲೇ ಹೊರಗೆ ಬರುತ್ತಿದ್ದವು. ತಟ್ಟೆಯ ಹಿಂದೆ ನನ್ನ ಸೋದರಮಾವನ ಮುಖ ಹಬೆಯಲ್ಲಿ ಮೂಡುತ್ತಿತ್ತು. ಕೂತವರು ಮೊದಲ ತುತ್ತು ನುಂಗುವವರೆಗೂ ಅದು ಅಲ್ಲಿಂದ ಕದಲುತ್ತಿರಲಿಲ್ಲ.

ಮಾವನಿಗೆ ರುಚಿ ತಿಳಿಯುತ್ತಿರಲಿಲ್ಲ. ಹಿಂದಿನ ವರ್ಷ ಬಂದ ಜ್ವರ ಹೋಗುವಾಗ ನಾಲಿಗೆಯನ್ನೂ ಮೂಗನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಇದು ಗೊತ್ತಿದ್ದದ್ದು ಅತ್ತೆಗೆ ಮತ್ತು ನನಗೆ ಮಾತ್ರ. ಅಳತೆಗಳೇನೋ ಅವನ ಕೈಗೆ ನೆನಪಿದ್ದವು. ಆದರೆ ಟೊಮೇಟೊ ಒಂದೊಂದು ದಿನ ಒಂದೊಂದು ಥರ ಹುಳಿ. ಅದು ಕೈಗೆ ತಿಳಿಯುವ ಸಂಗತಿಯಲ್ಲ. ಹಾಗಾಗಿ ಅವನು ಉಪ್ಪುಹುಳಿಯನ್ನು ಉಣ್ಣುವವರ ಮುಖದಲ್ಲಿ ನೋಡುತ್ತಿದ್ದ. ಹುಬ್ಬು ಕೂಡಿದರೆ ಹುಳಿ ಹೆಚ್ಚು. ಚಮಚ ತಟ್ಟೆಯಲ್ಲೇ ತಡೆದು ನಿಂತರೆ ಸಪ್ಪೆ. ಎಲ್ಲ ಸರಿಯಿದ್ದರೆ ಜನ ದೃಷ್ಟಿಯನ್ನು ಎಲ್ಲೂ ಇಡದೆ ಸುಮ್ಮನಾಗಿಬಿಡುತ್ತಾರೆ. ಆ ಮೌನ ಕಂಡ ಮೇಲೆ ಮಾವ ಒಲೆಯ ಕಡೆ ತಿರುಗುತ್ತಿದ್ದ.

ನಾನು ಪದವಿ ಮುಗಿಸಿ, ಮುಂದೇನೆಂದು ತೋಚದೆ, ಅಲ್ಲಿ ಬಡಿಸಲು ನಿಂತಿದ್ದೆ. ಫೋನಿನಲ್ಲಿ ಜನ ನಮ್ಮ ಊಟಕ್ಕೆ ಎಷ್ಟು ನಕ್ಷತ್ರ ಕೊಟ್ಟು ಏನು ಬರೆದಿದ್ದಾರೆಂದು ಅತ್ತೆಗೆ ಓದಿಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಆಕಾಶದಲ್ಲಿರುವುದು ಸಾಲದೆಂದು ಫೋನಿನಲ್ಲೂ ನಕ್ಷತ್ರ ನೋಡಬೇಕಾ ಎಂದು ಗೊಣಗುತ್ತಲೇ ಅವಳು ಗಲ್ಲಾ ಬಿಟ್ಟು ಪಕ್ಕಕ್ಕೆ ಬಂದು ಕೂರುತ್ತಿದ್ದಳು. ಹೊಸಬರು ಆ ನಕ್ಷತ್ರಗಳನ್ನು ನೋಡಿಕೊಂಡೇ ಬೀದಿಯ ಯಾವ ಬಾಗಿಲು ತಳ್ಳಬೇಕೆಂದು ತೀರ್ಮಾನಿಸುತ್ತಿದ್ದರು.

ಒಂದು ದಿನ ಒಂಟಿ ನಕ್ಷತ್ರ ಬಂತು. ಊಟದ ಮಾತೇ ಇಲ್ಲ. ‘ಅಡುಗೆಯವನು ಕಿಂಡಿಯಿಂದ ದುರುಗುಟ್ಟಿ ನೋಡುತ್ತಾನೆ. ಬಾಯಿ ತೆರೆಯಲೂ ಸಂಕೋಚ’ ಎಂದಷ್ಟೇ ಇತ್ತು. ಅದರ ಹಿಂದೆಯೇ ಅಂಥವೇ ಇನ್ನಷ್ಟು ಬಂದವು. ಹೊಸಬರು ಕಡಿಮೆಯಾದರು. ಪಕ್ಕದಂಗಡಿಯ ಟೈಲರ್ ಕೂಡ ಕಿಂಡಿಗೆ ಬೆನ್ನು ಹಾಕಿ ಕೂರತೊಡಗಿದ. ಎದುರಿಗೆ ಕೂತರೆ ಪರೀಕ್ಷೆ ಬರೆದ ಹಾಗಾಗುತ್ತದೆ ಎಂದು ನಕ್ಕ.

ಅತ್ತೆ ಅವನ ಹತ್ತಿರವೇ ನೀಲಿ ಬಟ್ಟೆ ಹೊಲಿಸಿ ತಂದು ಕಿಂಡಿಗೆ ಪರದೆ ಹಾಕಿದಳು. ಕೆಳಗೆ ತಟ್ಟೆ ನುಸುಳುವಷ್ಟು ಮಾತ್ರ ಜಾಗ. ಕೋಣೆಗೇ ಒಂದು ಕಳೆ ಬಂತು. ನಕ್ಷತ್ರಗಳು ಮೆಲ್ಲಗೆ ಮರಳಿದವು.

ಒಳಗೆ ಮಾವ ಮಾತ್ರ ಕುರುಡನಾಗಿದ್ದ. ಪರದೆಗೆ ಕಿವಿಗೊಟ್ಟು, ಚಮಚಗಳ ಸದ್ದಿನಲ್ಲಿ ರುಚಿ ಹುಡುಕುತ್ತ ನಿಂತಿರುತ್ತಿದ್ದ. ಸೂಪು ಒಂದು ದಿನ ಸಮುದ್ರವಾಯಿತು, ಇನ್ನೊಂದು ದಿನ ಬರೀ ಬಿಸಿನೀರು. ರುಚಿ ನೋಡಿ ಹೇಳುತ್ತೇನೆಂದು ನಾನು ಮುಂದಾದೆ. ಅವನು ತಲೆಯಾಡಿಸಿದ.

“ನೀನು ಪಾಪ ಅಂತ ಚೆನ್ನಾಗಿದೆ ಅಂತೀಯ. ಹಸಿದು ಬಂದೋರ ಮುಖ ಹಾಗಲ್ಲ.”

ಆ ದಿನಗಳಲ್ಲಿ ನನಗೊಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಮಾವ ನೀಲಿ ನೀರಿನ ತಳದಲ್ಲಿ ನಿಂತು ಅಡುಗೆ ಮಾಡುತ್ತಿದ್ದಾನೆ. ಮೇಲೆ ಎಲ್ಲೋ ಜನ ಉಣ್ಣುತ್ತಿದ್ದಾರೆ. ಚಮಚಗಳ ನೆರಳು ಮೀನುಗಳಂತೆ ಅವನ ಮೈಮೇಲೆ ಹಾದುಹೋಗುತ್ತದೆ. ಅವನು ತಲೆಯೆತ್ತಿ ಏನೋ ಕೇಳುತ್ತಾನೆ. ನೀರು ಕೇಳಿಸಗೊಡುವುದಿಲ್ಲ.

ನಕ್ಷತ್ರಗಳು ಮತ್ತೆ ಉದುರಿದವು. ‘ಪರದೆ ಚೆನ್ನಾಗಿದೆ, ಊಟ ಬೇಡ’ ಎಂದು ಒಬ್ಬರು ಬರೆದದ್ದನ್ನು ಓದಿದಾಗ ಮಾವನೂ ನಕ್ಕ. ನಕ್ಕು ಈರುಳ್ಳಿ ಚೀಲದ ಮೇಲೆ ಕುಸಿದು ಕೂತ. ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡೋಣವೇ ಎಂದು ಕೇಳಿದೆ. ಅತ್ತೆ ನನ್ನನ್ನೇ ನೋಡಿದಳು.

“ರುಚಿ ಗೊತ್ತಿಲ್ದಿರೋ ಅಡುಗೆಯವ್ನು ಅಂತ ನಾವೇ ಡಂಗುರ ಹೊಡ್ಸಿದ್ರೆ ಯಾರು ಬರ್ತಾರೆ? ಬಾಗ್ಲು ಹಾಕೋದೇ ಆಮೇಲೆ.”

ಮಾವ ಪರದೆಯತ್ತ ಕೈ ತೋರಿಸಿದ. “ಬರ್ದ್ಬಿಡು,” ಎಂದ. “ಇದ್ರ ಹಿಂದೆ ನಿಂತು ನಂಗೆ ಅಡುಗೆ ಬರಲ್ಲ.”

ಆ ಒಂಟಿ ನಕ್ಷತ್ರದ ಕೆಳಗೆ ಬರೆದೆ: ‘ನೋಡುವವರು ನನ್ನ ಮಾವ. ಜ್ವರದಲ್ಲಿ ರುಚಿ ಕಳೆದುಕೊಂಡಿದ್ದಾರೆ. ಉಪ್ಪು ಸರಿಯಿದೆಯೇ ಎಂದು ನಿಮ್ಮ ಮುಖ ನೋಡಿ ತಿಳಿಯುತ್ತಾರೆ.’

ಮರುದಿನ ಟೈಲರ್ ಕೂಡ ಬರಲಿಲ್ಲ. ಬಿಸಿಲು ಒಂದು ಖಾಲಿ ಕುರ್ಚಿಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅತ್ತೆ ಒರೆಸಿದ ಮೇಜನ್ನೇ ಒರೆಸಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಹಿಂದೊಮ್ಮೆ ಅರ್ಧ ಊಟಕ್ಕೇ ಎದ್ದು ಹೋಗಿದ್ದವಳು, ಗುರುತು ಸಿಕ್ಕಿತು. ಕಿಂಡಿಗೆ ನೇರ ಎದುರಿನ ಕುರ್ಚಿ ಎಳೆದುಕೊಂಡಳು. ಪರದೆಯಡಿಯಿಂದ ಸೂಪು ನುಸುಳಿ ಬಂತು. ಅವಳು ಚಮಚ ಹಿಡಿದು ಸುಮ್ಮನೆ ಕೂತಳು.

“ಪರದೆ ಸರಿಸ್ತೀರಾ?” ಎಂದಳು. “ಅವ್ರಿಗೆ ಕಾಣ್ಬೇಕಲ್ಲ.”

ಸರಿಸಿದೆ. ಹಬೆಯಲ್ಲಿ ಮಾವನ ಮುಖ ಮೂಡಿತು. ಅವಳು ಆ ಮುಖವನ್ನು ನೋಡುತ್ತಲೇ ಮೊದಲ ಚಮಚ ಬಾಯಿಗಿಟ್ಟಳು. ಮುಚ್ಚಿಡಲು ನೋಡಲಿಲ್ಲ, ಸಪ್ಪೆಯಾದದ್ದು ಅವಳ ತುಟಿಯ ಮೇಲೆ ಹಾಗೇ ಕಾಣಿಸಿತು. ಮಾವನ ಕೈ ಉಪ್ಪಿನ ಡಬ್ಬಿಗೆ ಹೋಯಿತು.

ಎರಡನೆಯ ಬಟ್ಟಲು ಬಂದಾಗ ಅವಳು ಅವನತ್ತ ನೋಡುವುದನ್ನು ಮರೆತಳು. ನನ್ನತ್ತಲೂ ನೋಡಲಿಲ್ಲ, ಬೀದಿಯತ್ತಲೂ ಇಲ್ಲ. ಅತ್ತೆಯ ಕೈಯಲ್ಲಿ ಒರೆಸುವ ಬಟ್ಟೆ ನಿಂತಿತು.

ಮಾವ ಒಲೆಯ ಕಡೆ ತಿರುಗಿದ.